ಪಟ್ಟಿಯಲ್ಲಿ ಇರುತ್ತೆ, ಸೀಟು ಇರಲ್ಲ

ನಮ್ಮ ವಿಶ್ವವಿದ್ಯಾಲಯದಲ್ಲಿ ಪದವಿಗೆ ಆರಿಸಿಕೊಳ್ಳಬಹುದಾದ ವಿಷಯಗಳ ಪಟ್ಟಿ ಪ್ರತಿವರ್ಷ ಉದ್ದವಾಗುತ್ತದೆ, ಪಾಠ ಮಾಡುವವರ ಸಂಖ್ಯೆ ಪ್ರತಿವರ್ಷ ಇಳಿಯುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ ಎಂದು ಮನಸಾರೆ ನಂಬಬಲ್ಲವರನ್ನು ಹುಡುಕಿ ಪ್ರಾಂಶುಪಾಲರನ್ನಾಗಿ ಮಾಡುತ್ತಾರೆ. ಹೊಸ ವಿಷಯ ಹುಟ್ಟಿಸಲು ಹೆಚ್ಚು ಕಷ್ಟವಿಲ್ಲ. ಹಳೆಯದೊಂದರ ಹಿಂದೆ ‘ಅನಾಲಿಟಿಕ್ಸ್’ ಅಂಟಿಸಿದರೆ ಒಂದಾಯಿತು, ‘ಮ್ಯಾನೇಜ್‌ಮೆಂಟ್’ ಅಂಟಿಸಿದರೆ ಇನ್ನೊಂದು. ನಾನು ಪಾಠ ಮಾಡುವ ಭೂವಿಜ್ಞಾನಕ್ಕೆ, ಅಂದರೆ ಜಿಯಾಲಜಿಗೆ, ಇವೆರಡೂ ಸರಿಯಾಗಿ ಅಂಟುವುದಿಲ್ಲ. ಅದಕ್ಕೇ ಇರಬೇಕು, ಕಳೆದ ಸಲ ಪ್ರವೇಶದ ಸಮಯದಲ್ಲಿ ನನ್ನ ಮೇಜನ್ನು ಸ್ಕೂಟರ್ ಸ್ಟ್ಯಾಂಡಿನ ಪಕ್ಕ ಹಾಕಿದ್ದರು.

ನಮ್ಮದು ಚಾಮರಾಜಪೇಟೆಯ ಹಳೆಯ ಕಲ್ಲುಕಟ್ಟಡದ ಕಾಲೇಜು, ವಿಶ್ವವಿದ್ಯಾಲಯದ್ದೇ. ಅಂಗಳದಲ್ಲಿ ಶಾಮಿಯಾನ ಹಾಕಿ, ಒಂದೊಂದು ವಿಷಯಕ್ಕೆ ಒಂದೊಂದು ಮೇಜು ಕೊಟ್ಟಿದ್ದರು. ಪಿಯುಸಿ ಮುಗಿಸಿದ ಮಕ್ಕಳು, ಅವರಿಗಿಂತ ಮುಂದೆ ನಿಂತ ಅಪ್ಪ ಅಮ್ಮಂದಿರು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದರು. ಡೇಟಾ ಸೈನ್ಸ್ ಮೇಜಿನ ಬಳಿ ಪದವಿಯ ಕಪ್ಪು ಟೋಪಿ ಹಾಕಿಕೊಂಡು ಸೆಲ್ಫಿ ತೆಗೆಸಿಕೊಳ್ಳುವ ವ್ಯವಸ್ಥೆ ಇತ್ತು. ಇನ್ನೂ ಸೇರದವರಿಗೆ ಪದವೀಧರರ ಫೋಟೊ! ನನ್ನ ಮೇಜಿನ ಮೇಲೆ ಕಲ್ಲುಗಳಿದ್ದವು: ಪಟ್ಟೆಪಟ್ಟೆಯ ನೈಸ್ ಶಿಲೆ, ಕರಿಕಲ್ಲು, ಹೊಳೆಯುವ ಕಾಗೆಬಂಗಾರ. ಮಧ್ಯಾಹ್ನದ ಹೊತ್ತಿಗೆ ಕಾಮರ್ಸ್ ವಿಭಾಗದವರು ಬಂದು, “ಗಾಳಿಗೆ ನಮ್ಮ ಕರಪತ್ರ ಹಾರ್ತಿದೆ ಮೇಡಂ, ಎರಡು ತಗೊಂಡು ಹೋಗ್ತೀವಿ,” ಎಂದು ಕರಿಕಲ್ಲನ್ನೂ ಕಾಗೆಬಂಗಾರವನ್ನೂ ಎತ್ತಿಕೊಂಡು ಹೋದರು. ಆ ದಿನ ನಮ್ಮ ವಿಷಯಕ್ಕೆ ಸಿಕ್ಕ ಏಕೈಕ ಬೇಡಿಕೆ ಅದು.

ಬಂದವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಇದಕ್ಕೆ ಸ್ಕೋಪ್ ಇದೆಯಾ ಮೇಡಂ?” ಮಗ ಏನು ಓದಬೇಕೆಂದಿದ್ದಾನೆ ಎಂದು ನಾನು ತಿರುಗಿ ಕೇಳಿದರೆ, ಅವನು ಎಲ್ಲಿದ್ದಾನೆಂದು ಸುತ್ತ ನೋಡುತ್ತಿದ್ದರು. ಒಬ್ಬರು ಉಂಗುರದ ಬೆರಳು ಚಾಚಿ, “ಇದು ಒರಿಜಿನಲ್ ಪಚ್ಚೆನಾ ನೋಡಿ ಹೇಳಿ,” ಎಂದರು. ಗಾಜು ಎಂದೆ. ಅವರು ನನ್ನನ್ನು ಕೆಟ್ಟದಾಗಿ ನೋಡಿ, ಮಗನ ಕೈಹಿಡಿದು ಎಳೆದುಕೊಂಡು ಬಿಸಿನೆಸ್ ಅನಾಲಿಟಿಕ್ಸ್ ಮೇಜಿಗೆ ಹೋದರು.

ಮೂರನೆಯ ದಿನ ಪ್ರಾಂಶುಪಾಲರು ಕರೆಸಿದರು. ಅವರು ಕಾಮರ್ಸಿನವರು. ಕೋಪ ಬಂದರೂ ನಗುತ್ತಾರೆ, ಸುಳ್ಳು ಹೇಳುವಾಗಲೂ ನಗುತ್ತಾರೆ, ಹಾಗಾಗಿ ಅವರ ಮುಖದಿಂದ ಏನೂ ತಿಳಿಯುವುದಿಲ್ಲ. ತಟ್ಟೆಯಲ್ಲಿದ್ದ ಉದ್ದಿನವಡೆಯನ್ನು ಚಟ್ನಿಗೆ ಅದ್ದುತ್ತಾ ವಿಷಯ ತಿಳಿಸಿದರು. ಈ ವರ್ಷ ಜಿಯಾಲಜಿಗೆ ಸೀಟು ಸೊನ್ನೆ. ಪೋರ್ಟಲ್‌ನಲ್ಲಿ ಹಾಗೇ ನಮೂದಿಸಿ ಆಗಿದೆ. ನಮ್ಮ ಪ್ರಯೋಗಾಲಯ ಮುಂದೆ ಸ್ಟಾರ್ಟಪ್‌ಗಳ ‘ಇನ್‌ಕ್ಯುಬೇಶನ್ ಸೆಂಟರ್’ ಆಗಲಿದೆ.

“ಅಂದ್ರೆ ವಿಷಯ ಮುಚ್ತಿದೀರಾ ಸಾರ್?”

“ಛೇ ಛೇ, ಮುಚ್ಚೋದೆಲ್ಲಿ ಬಂತು? ಮುಚ್ಚೋಕೆ ಮೇಲಿಂದ ಅನುಮತಿ ಬೇಕು, ಅದೆಲ್ಲ ತಲೆನೋವು. ಪಟ್ಟಿಯಲ್ಲಿ ಇರುತ್ತೆ ಮೇಡಂ. ಸೀಟು ಇರಲ್ಲ, ಅಷ್ಟೆ.”

“ಸೇರೋಕೆ ಆಗದೇ ಇರೋ ವಿಷಯ ಪಟ್ಟಿಯಲ್ಲಿ ಯಾಕೆ ಸಾರ್?”

“ಪಟ್ಟಿ ಉದ್ದ ಇದ್ರೆ ತಪಾಸಣೆಗೆ ಬರೋರಿಗೆ ಖುಷಿ,” ಎಂದು ನಕ್ಕರು. “ವಡೆ ತಗೊಳ್ಳಿ.”

ನಾನು ತೆಗೆದುಕೊಳ್ಳಲಿಲ್ಲ. ವಿಭಾಗದಲ್ಲಿ ಖಾಯಂ ಇರುವವಳು ನಾನೊಬ್ಬಳೇ. ಜೊತೆಗೊಬ್ಬ ಅತಿಥಿ ಉಪನ್ಯಾಸಕ ಇದ್ದ. ಮದುವೆಯಾಗಿ ಮಗುವಾಗಿರುವ, ಚೆನ್ನಾಗಿ ಪಾಠ ಮಾಡುವ ಹುಡುಗ. ಮೊದಲ ವರ್ಷಕ್ಕೆ ಮಕ್ಕಳಿಲ್ಲದಿದ್ದರೆ ಅವನಿಗೆ ಪಾಠದ ಗಂಟೆಗಳಿಲ್ಲ, ಗಂಟೆಗಳಿಲ್ಲದಿದ್ದರೆ ಸಂಬಳವಿಲ್ಲ. ಪ್ರಾಂಶುಪಾಲರು ಅದನ್ನು ಯೋಚಿಸಿರಲಾರರು ಎಂದು ಹೇಳುವಷ್ಟು ಒಳ್ಳೆಯವಳು ನಾನಲ್ಲ. ಯೋಚಿಸಿದ್ದರು. ವಡೆ ತಿನ್ನುತ್ತಾ ಯೋಚಿಸಿದ್ದರು.

ಮೇಜಿಗೆ ವಾಪಸ್ ಬಂದಾಗ ಒಬ್ಬ ಹುಡುಗಿ ನೈಸ್ ಶಿಲೆಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತಿದ್ದಳು. ಅಪ್ಪ ಅಮ್ಮ ಜೊತೆಗಿರಲಿಲ್ಲ.

“ಮ್ಯಾಮ್, ಒಂದು ಡೌಟು. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೆದ್ರೆ ನೀರಿರೋ ಕಡೆ ಕಾಯಿ ನೆಟ್ಟಗೆ ನಿಲ್ಲುತ್ತೆ ಅಂತಾರಲ್ಲ, ಅದು ನಿಜಾನಾ?”

“ಸುಳ್ಳು.”

“ನಂಗೂ ಹಾಗೇ ಅನ್ಸಿತ್ತು. ಆದ್ರೆ ಅರ್ಧಕ್ಕರ್ಧ ಕಡೆ ನೀರು ಬರುತ್ತಲ್ಲ ಮ್ಯಾಮ್?”

“ಕಣ್ಣುಮುಚ್ಚಿ ಕಲ್ಲೆಸೆದು ಬಿದ್ದ ಕಡೆ ಕೊರೆದ್ರೂ ಅರ್ಧ ಕಡೆ ಬರಬಹುದು. ಎಷ್ಟು ಬರುತ್ತೆ, ಎಷ್ಟು ದಿನ ಇರುತ್ತೆ ಅನ್ನೋದು ಬೇರೆ ಮಾತು.”

ಅವಳು ತಲೆಯಾಡಿಸಿದಳು. ಅವಳ ಅಪ್ಪನದು ಬೋರ್‌ವೆಲ್ ಕೊರೆಯುವ ವ್ಯವಹಾರ, ಇಲ್ಲೇ ಎರಡು ರಸ್ತೆ ಆಚೆ ಆಫೀಸು. ಎಲ್ಲಿ ಕೊರೆಯಬೇಕೆಂದು ಹೇಳಲು ಅವರಿಗೊಬ್ಬ ಕಾಯಿ ಹಿಡಿಯುವ ಯಜಮಾನರಿದ್ದಾರೆ. ಚಿಕ್ಕಂದಿನಿಂದ ನೋಡಿ ನೋಡಿ ಅವಳಿಗೆ ಇದನ್ನು ಸರಿಯಾಗಿ ತಿಳಿಯಬೇಕು ಅನ್ನಿಸಿದೆ. ಜಿಯಾಲಜಿ ಬೇಕು, ಜೊತೆಗೆ ಗಣಿತ, ಭೌತಶಾಸ್ತ್ರ. ಪೋರ್ಟಲ್‌ನಲ್ಲಿ ವಿಷಯದ ಹೆಸರು ಕಾಣಿಸುತ್ತಿದೆ, ಒತ್ತಿದರೆ ಏನೂ ಆಗುತ್ತಿಲ್ಲ.

“ಸರ್ವರ್ ಪ್ರಾಬ್ಲಮ್ಮಾ ಮ್ಯಾಮ್?”

ಇಷ್ಟು ವರ್ಷಗಳಲ್ಲಿ ಸರಿಯಾದ ಪ್ರಶ್ನೆ ಕೇಳಿಕೊಂಡು ನನ್ನ ಮೇಜಿಗೆ ಬಂದವರು ಬಹಳ ಕಡಿಮೆ. ಅಂಥವಳಿಗೆ ಸೀಟಿಲ್ಲ ಎಂದು ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಅವಳ ಅಪ್ಪ ಹುಡುಕಿಕೊಂಡು ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಎರಡು ಫೋನು.

“ಇಲ್ಲಿದೀಯಾ? ಬಿ.ಕಾಂ ಲೈನು ಅಲ್ಲಿದೆ,” ಎಂದರು ಮಗಳಿಗೆ. ನನ್ನ ಕಲ್ಲುಗಳನ್ನು ನೋಡಿ ಕೈಮುಗಿದರು. “ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಜಿಯಾಲಜಿಸ್ಟುಗಳು ಮಷೀನ್ ಇಟ್ಟು ಕೊಟ್ಟ ಪಾಯಿಂಟಲ್ಲೂ ನಾನು ಕೊರೆದಿದೀನಿ. ಧೂಳು ಬಂತು. ನಮ್ಮ ಯಜಮಾನ್ರು ಕಾಯಿ ಹಿಡಿದ ಕಡೇನೂ ಧೂಳು ಬಂದಿದೆ. ಆದ್ರೆ ಅವರು ದಕ್ಷಿಣೆ ತಗೊಂಡು ಸುಮ್ನೆ ಹೋಗ್ತಾರೆ, ರಿಪೋರ್ಟು ಪೋರ್ಟು ಅಂತ ಕೊರೆಯಲ್ಲ.”

ತಮ್ಮ ಮಾತಿಗೆ ತಾವೇ ನಕ್ಕು, ಮಗಳನ್ನು ಕರೆದುಕೊಂಡು ಹೋದರು.

ಅದೇ ವಾರ ಇನ್ನೊಂದು ವಿಷಯ ಕಿವಿಗೆ ಬಿತ್ತು. ಶಂಕರಪುರಂನಲ್ಲಿ ನಮ್ಮ ಹುಡುಗಿಯರ ಹಾಸ್ಟೆಲ್ ಇದೆ. ಬೇಸಿಗೆಯಲ್ಲಿ ಅಲ್ಲಿನ ಹಳೆಯ ಬೋರ್‌ವೆಲ್ ಬತ್ತಿಹೋಗಿ, ಟ್ಯಾಂಕರ್ ನೀರಿನಲ್ಲಿ ನಡೆಯುತ್ತಿತ್ತು. ಪ್ರಾಂಶುಪಾಲರು ಹೊಸ ಬೋರ್ ಕೊರೆಸಲು ತೀರ್ಮಾನಿಸಿದ್ದರು. ಕೆಲಸ ಸಿಕ್ಕಿದ್ದು ಈ ಹುಡುಗಿಯ ಅಪ್ಪನಿಗೇ. ಪಾಯಿಂಟ್ ಗುರುತಿಸಲು ಕಾಯಿ ಯಜಮಾನರು ಬರುತ್ತಾರಂತೆ. ಭೂವಿಜ್ಞಾನವನ್ನು ಪಟ್ಟಿಯಲ್ಲಿ ಇಟ್ಟುಕೊಂಡ ವಿಶ್ವವಿದ್ಯಾಲಯ, ನೆಲ ಅಳೆಯುವ ಉಪಕರಣವನ್ನು ತನ್ನದೇ ಬೀರುವಿನಲ್ಲಿ ಇಟ್ಟುಕೊಂಡ ಕಾಲೇಜು, ನೀರು ಹುಡುಕಲು ತೆಂಗಿನಕಾಯಿಗೆ ಹೇಳಿಕಳಿಸಿತ್ತು.

ನಾನು ನೇರ ಪ್ರಾಂಶುಪಾಲರ ಕೋಣೆಗೆ ಹೋದೆ. ಬಾಗಿಲು ತಟ್ಟಿದ ನೆನಪಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

“ಸರಿ ಮೇಡಂ, ನೀವೂ ಒಂದು ಪಾಯಿಂಟ್ ಕೊಡಿ. ಯಾರು ಬೇಡ ಅಂದ್ರು? ನೀವು ಕೊಟ್ಟ ಪಾಯಿಂಟಲ್ಲಿ ನೀರು ಬಂದ್ರೆ ಈ ವರ್ಷವೇ ಸೀಟು ತೆರೆಸ್ತೀನಿ. ಎರಡನೇ ಸುತ್ತಿನ ಪ್ರವೇಶ ಬಾಕಿ ಇದೆ. ಇದು ನನ್ನ ಮಾತು.”

ವಿಭಾಗಕ್ಕೆ ಬಂದು ಹೇಳಿದಾಗ ಅತಿಥಿ ಉಪನ್ಯಾಸಕ ಕುರ್ಚಿಯಿಂದ ಎದ್ದೇಬಿಟ್ಟ. ಆವತ್ತೇ ಬೀರುವಿನಲ್ಲಿದ್ದ ಮೀಟರನ್ನು ಬಿಚ್ಚಿ, ಟರ್ಮಿನಲ್‌ಗಳ ಕಿಲುಬು ಉಜ್ಜಿ, ಹೊಸ ಬ್ಯಾಟರಿ ಹಾಕಿ, ಕೇಬಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಎಲ್ಲೋ ಒಳಗೆ ಕಡಿದಿದ್ದ ಒಂದು ಕೇಬಲ್ ಹುಡುಕಿ ಬೆಸುಗೆ ಹಾಕಿದ. ಅಷ್ಟು ಉತ್ಸಾಹದಲ್ಲಿ ಅವನನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕೆಲಸ ಹೇಳಲು ಸರಳ. ಒಂದೇ ಸಾಲಿನಲ್ಲಿ ನೆಲಕ್ಕೆ ನಾಲ್ಕು ಲೋಹದ ಗೂಟ ಹೊಡೆಯಬೇಕು. ಹೊರಗಿನ ಎರಡರ ಮೂಲಕ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯಬೇಕು. ಹೊರಗಿನ ಗೂಟಗಳನ್ನು ದೂರ ದೂರ ಸರಿಸುತ್ತ ಹೋದಂತೆ ಕರೆಂಟು ಆಳಕ್ಕೆ ಇಳಿಯುತ್ತದೆ. ಒದ್ದೆ ನೆಲ ಅದನ್ನು ಸಲೀಸಾಗಿ ಬಿಡುತ್ತದೆ, ಒಣ ಬಂಡೆ ತಡೆಯುತ್ತದೆ. ಸಿಕ್ಕ ಅಂಕಿಗಳನ್ನು ಗ್ರಾಫಿನಲ್ಲಿ ಇಟ್ಟರೆ ಕೆಳಗೆ ಮಣ್ಣೆಷ್ಟು, ಬಂಡೆ ಎಲ್ಲಿಂದ, ಬಂಡೆಯಲ್ಲಿ ನೀರು ನಿಲ್ಲುವ ಬಿರುಕು ಇರಬಹುದೇ ಎನ್ನುವುದು ತಿಳಿಯುತ್ತದೆ. ಬಯಲಿನಲ್ಲಾದರೆ ಅರ್ಧ ದಿನದ ಕೆಲಸ. ಶಂಕರಪುರಂನಲ್ಲಿ ಬಯಲೆಲ್ಲಿದೆ? ಆಳ ನೋಡಲು ಉದ್ದ ಬೇಕು, ಹಾಸ್ಟೆಲಿನ ಕಾಂಪೌಂಡು ಅಷ್ಟುದ್ದ ಇಲ್ಲ. ಕೇಬಲ್ಲನ್ನು ಗೇಟಿನಿಂದ ಹೊರಗೆ, ರಸ್ತೆಯುದ್ದಕ್ಕೂ ಎಳೆಯಬೇಕಾಯಿತು.

ಭಾನುವಾರ ಬೆಳಿಗ್ಗೆ ವಾಹನ ಕಡಿಮೆ ಇರುವಾಗ ಶುರುಮಾಡಿದೆವು. ಅತಿಥಿ ಉಪನ್ಯಾಸಕ, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು, ನಾನು. ಗೇಟಿನ ಬಳಿ ಆ ಬೋರ್‌ವೆಲ್ ಹುಡುಗಿ ನಿಂತಿದ್ದಳು. “ಅಪ್ಪ ಅಳತೆ ನೋಡ್ಕೊಂಡು ಬಾ ಅಂತ ಕಳಿಸಿದ್ರು ಮ್ಯಾಮ್, ಕೊರೆಯೋ ರಿಗ್ಗು ಲಾರಿ ಗೇಟಲ್ಲಿ ಹೋಗುತ್ತಾ ಅಂತ. ನೋಡಿ ಆಯ್ತು. ಏನಾದ್ರೂ ಹಿಡ್ಕೊಳ್ಲಾ?” ಅವಳಿಗೆ ಕೇಬಲ್ ಸುರುಳಿ ಕೊಟ್ಟೆ.

ಡಾಂಬರಿನಲ್ಲಿ ಗೂಟ ಇಳಿಯುವುದಿಲ್ಲ. ಮರದ ಬುಡಗಳಲ್ಲಿ, ಮನೆಗಳ ಮುಂದಿನ ಹೂವಿನ ಪಾತಿಗಳಲ್ಲಿ ಹೊಡೆದೆವು. ನೆಲ ಒಣಗಿದ್ದಲ್ಲಿ ಕರೆಂಟು ಹಿಡಿಯಲೆಂದು ಗೂಟದ ಸುತ್ತ ಉಪ್ಪುನೀರು ಸುರಿಯಬೇಕು. ಪಂಚೆಯುಟ್ಟ ಹಿರಿಯರೊಬ್ಬರು ಕಾಫಿ ಲೋಟದ ಸಮೇತ ಹೊರಬಂದರು.

“ಏನಮ್ಮಾ ಇದು, ನಮ್ಮ ನಂದಿಬಟ್ಟಲಿಗೆ ಉಪ್ಪುನೀರು ಹಾಕ್ತಿದೀರಿ? ಮೆಟ್ರೋದವರಾ?”

“ಅಲ್ಲ ಸಾರ್, ಕಾಲೇಜಿನವರು. ನೀರು ಇದೆಯಾ ನೋಡ್ತಿದೀವಿ.”

“ಮೆಟ್ರೋದವರೂ ಮೊದಲು ಹೀಗೇ ಏನೋ ಹೇಳ್ತಾರೆ,” ಎಂದು ಅವರು ಪಕ್ಕದ ಮನೆಯವರನ್ನು ಕೂಗಿದರು. ಐದೇ ನಿಮಿಷದಲ್ಲಿ ಮೆಟ್ರೋಗೆ ಮನೆ ಹೋಗುತ್ತದೆ ಎಂಬ ಸುದ್ದಿ ರಸ್ತೆಯಲ್ಲಿ ಹಬ್ಬಿತು. ಯಾರ ಮನೆಯೂ ಹೋಗುವುದಿಲ್ಲ ಎಂದು ಪ್ರತಿ ಗೇಟಿಗೂ ಹೋಗಿ ಹೇಳುವಷ್ಟರಲ್ಲಿ ಬಿಸಿಲೇರಿತು. ನಂಬಿದವರು ಯಾರೂ ಇಲ್ಲ, ಆದರೆ ಒಬ್ಬರ ಮನೆಯಿಂದ ಎಲ್ಲರಿಗೂ ಉಪ್ಪಿಟ್ಟು ಬಂತು.

ಅಂಕಿಗಳು ಹುಚ್ಚುಹುಚ್ಚಾಗಿ ಬರುತ್ತಿದ್ದವು. ಒಂದು ಸಲ ಏರಿದ್ದು ಮರು ಅಳತೆಯಲ್ಲಿ ಅರ್ಧಕ್ಕಿಳಿಯಿತು, ಇನ್ನೊಂದು ಕಡೆ ಸೊನ್ನೆಗಿಂತ ಕೆಳಗೇ ಹೋಯಿತು. ರಸ್ತೆಯಡಿ ನೀರಿನ ಪೈಪು, ಕರೆಂಟಿನ ಕೇಬಲ್ಲು, ಏನೇನಿದೆಯೋ ದೇವರೇ ಬಲ್ಲ. ಆ ದಿನದ ಅಳತೆಯನ್ನೆಲ್ಲ ಹೊಡೆದುಹಾಕಿದೆ. ಮುಂದಿನ ಭಾನುವಾರ ದಿಕ್ಕು ಬದಲಿಸಿ, ಪೈಪುಗಳಿಗೆ ಅಡ್ಡಲಾಗಿ, ಹಾಸ್ಟೆಲಿನ ಹಿತ್ತಲಿನಿಂದ ಹಿಂದಿನ ಓಣಿಗೆ ಸಾಲು ಹಾಕಿದೆವು. ಒಂದೊಂದು ಅಳತೆಯನ್ನೂ ಮೂರು ಮೂರು ಸಲ ತೆಗೆದೆವು. ಹುಡುಗಿ ಈ ಸಲವೂ ಬಂದಿದ್ದಳು, ಏನು ನೆಪ ಹೇಳಿ ಬಂದಳೋ ಕೇಳಲಿಲ್ಲ. ಈ ಸಲ ಅಂಕಿಗಳು ಒಂದಕ್ಕೊಂದು ಕೂಡಿಬಂದವು.

ಗ್ರಾಫ್ ಎಳೆದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೇಲೆ ತೆಳ್ಳಗೆ ಮಣ್ಣು, ಅದರಡಿ ಶಿಥಿಲ ಕಲ್ಲು, ಆಮೇಲೆ ಗಟ್ಟಿ ಬಂಡೆ. ತಡೆಯ ಗೆರೆ ಓರೆಯಾಗಿ ಒಂದೇ ಸಮನೆ ಮೇಲೇರಿತ್ತು, ಎಲ್ಲೂ ತಗ್ಗಿರಲಿಲ್ಲ. ಆಳದಲ್ಲಿ ನೀರಿನ ಲಕ್ಷಣ ಇಲ್ಲ. ಒಂದು ಕಡೆ ಮಾತ್ರ, ಹಿತ್ತಲಿನ ನೈರುತ್ಯ ಮೂಲೆಯಲ್ಲಿ, ಮೇಲ್ಮಟ್ಟದಲ್ಲೇ ಕರೆಂಟಿಗೆ ತಡೆ ತೀರಾ ಕಡಿಮೆ. ಅಷ್ಟು ಕಡಿಮೆ ಇರಬೇಕಾದರೆ ಅಲ್ಲಿ ನೆಲ ಒದ್ದೆಯಾಗಿರಬೇಕು, ಆ ನೀರಿನಲ್ಲಿ ಉಪ್ಪಿನಂಶವೂ ಇರಬೇಕು. ನಾವು ಸುರಿದ ಉಪ್ಪುನೀರಿನ ಕೆಲಸವಲ್ಲ, ಅಲ್ಲಿ ನೆಲ ಮೆತ್ತಗಿತ್ತು, ಸುರಿದೇ ಇರಲಿಲ್ಲ. ಅತಿಥಿ ಉಪನ್ಯಾಸಕನನ್ನು ಕರೆದುಕೊಂಡು ಮತ್ತೆ ಹೋಗಿ ನೋಡಿದೆ. ಆ ಮೂಲೆಯಲ್ಲಿ ಹುಲ್ಲು ದಟ್ಟವಾಗಿ ಬೆಳೆದಿತ್ತು. ಗೋಡೆಯಾಚೆ ಓಣಿಯಲ್ಲಿ ಒಳಚರಂಡಿಯ ಮ್ಯಾನ್‌ಹೋಲ್. ಮುಚ್ಚಳದ ಅಂಚಿನವರೆಗೂ ಕೊಳಚೆ ಕಟ್ಟಿಕೊಂಡು ನಿಂತಿತ್ತು. ಮುಂದಿನ ಮ್ಯಾನ್‌ಹೋಲ್ ಹೆಚ್ಚುಕಡಿಮೆ ಖಾಲಿ. ನಡುವೆ ಪೈಪು ಒಡೆದು, ಇಡೀ ಬೀದಿಯ ಕೊಳಚೆ ಹಾಸ್ಟೆಲಿನ ಹಿತ್ತಲಿಗೆ ಇಂಗುತ್ತಿತ್ತು.

ಹಿತ್ತಲಿಗೆ ವಾಪಸ್ ಬಂದೆವು. ಆಮೇಲೆ ಅವನೇ ಬಾಯಿಬಿಟ್ಟ.

“ಮೇಡಂ, ಈ ಮೂಲೆ ಪಾಯಿಂಟ್ ಕೊಟ್ಬಿಡೋಣ.”

“ಚರಂಡಿ ನೀರು ಕಣೋ ಅದು.”

“ನೀರು ಬರುತ್ತೆ ತಾನೆ? ಅವರು ಕೇಳಿದ್ದು ನೀರು ಬರುತ್ತಾ ಅಂತ. ಸೀಟು ತೆರೀಲಿ. ಆಮೇಲೆ ನಾವೇ ಟೆಸ್ಟ್ ಮಾಡಿಸಿ, ಕುಡಿಯೋಕೆ ಬೇಡ ಅಂತ ಹೇಳಿದ್ರಾಯ್ತು. ಯಾರಿಗೂ ತೊಂದ್ರೆ ಆಗಲ್ಲ.”

“ಆ ಹುಡುಗಿ ಕೇಬಲ್ ಹಿಡ್ಕೊಂಡು ನಿಂತಿದ್ದಳಲ್ಲ, ಅವಳಿಗೆ ಮೊದಲನೇ ಪಾಠ ಇದೇನಾ?”

“ಅವಳಿಗೆ ಪಾಠ ಮಾಡೋಕೆ ನಾನು ಇರ್ಬೇಕಲ್ಲ ಮೇಡಂ,” ಎಂದ. ಅವನ ಧ್ವನಿ ಏರಲಿಲ್ಲ. “ನಿಮಗೆ ಪೆನ್ಶನ್ ಇದೆ.”

ಎರಡು ದಿನ ತ್ಯಾಗರಾಜನಗರದ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ ಅದೇ ಯೋಚನೆ ಹೊತ್ತು ತಿರುಗಿದೆ. ಅವನು ಹೇಳಿದ್ದರಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಒಂದು ಸಣ್ಣ ಮೋಸಕ್ಕೆ ಒಂದು ವಿಷಯ, ಒಂದು ಸಂಸಾರ, ಒಬ್ಬ ಹುಡುಗಿ ಉಳಿಯುತ್ತಿದ್ದರು. ಆದರೆ ಪ್ರಾಂಶುಪಾಲರು ನಗುವುದು ನೆನಪಾಗುತ್ತಿತ್ತು. ಇಲ್ಲದ ಸೀಟನ್ನು ಪಟ್ಟಿಯಲ್ಲಿ ತೋರಿಸುವವರನ್ನು ಇಷ್ಟು ದಿನ ಬಾಯ್ತುಂಬ ಬೈದವಳು ನಾನು. ಇಲ್ಲದ ಅಂತರ್ಜಲವನ್ನು ನಕ್ಷೆಯಲ್ಲಿ ತೋರಿಸಿದರೆ ನನಗೂ ಅವರಿಗೂ ಇರುವ ವ್ಯತ್ಯಾಸ ವಡೆ ಒಂದೇ.

ವರದಿ ಬರೆದೆ. ಕಾಂಪೌಂಡಿನಲ್ಲಿ ಎಲ್ಲಿಯೂ ಕೊರೆಯಬಾರದು. ಆಳದಲ್ಲಿ ನೀರಿಲ್ಲ. ನೈರುತ್ಯ ಮೂಲೆಯಲ್ಲಿ ಕೊರೆದರೆ ಬರುವುದು ಚರಂಡಿಯ ಸೋರಿಕೆ. ಮೊದಲು ಒಳಚರಂಡಿ ಸರಿಪಡಿಸಿ, ಆಮೇಲೆ ಮಳೆನೀರನ್ನು ಹಳೆಯ ಬೋರಿಗೆ ಇಂಗಿಸಿ. ಸಹಿ ಹಾಕಿ ಪ್ರಾಂಶುಪಾಲರ ಕೈಗೇ ಕೊಟ್ಟೆ. ಅವರು ಹಾಳೆಗಳನ್ನು ತಿರುವಿಹಾಕಿದರು.

“ಪಾಯಿಂಟ್ ಎಲ್ಲಿ ಮೇಡಂ?”

“ಪಾಯಿಂಟ್ ಇಲ್ಲ ಸಾರ್. ಕೊರೀಬೇಡಿ ಅಂತ ಬರೆದಿದೀನಿ.”

“ಬೇಡ ಅನ್ನೋಕೆ ಎರಡು ಭಾನುವಾರ ಬೇಕಾಯ್ತಾ?” ಎಂದು ನಕ್ಕರು.

ಕಾಯಿ ಯಜಮಾನರು ಶುಕ್ರವಾರ ಬಂದರು. ಬಿಳಿ ಪಂಚೆ, ಬರಿಗಾಲು, ಅಂಗೈ ಮೇಲೆ ಅಡ್ಡ ಮಲಗಿಸಿದ ತೆಂಗಿನಕಾಯಿ. ಕಾಂಪೌಂಡಿನ ತುಂಬ ಗಂಭೀರವಾಗಿ ನಡೆದಾಡಿದರು. ಹಿತ್ತಲಿಗೆ ಬಂದು, ಹಸಿರು ಉಕ್ಕುತ್ತಿದ್ದ ಮೂಲೆಯ ಕಡೆ ಓರೆಗಣ್ಣು ಹಾಯಿಸಿ, ಅತ್ತ ನಾಲ್ಕು ಹೆಜ್ಜೆ ಹಾಕಿದರು. ಕಾಯಿ ಎದ್ದು ನಿಂತಿತು. ಕೈ ಬೆರಳು ಆಡಿದ್ದು ನನಗೆ ಕಾಣಿಸಿತು, ನನ್ನ ಪಕ್ಕ ನಿಂತಿದ್ದ ಹುಡುಗಿಗೂ ಕಾಣಿಸಿತು. ಮಿಕ್ಕವರು ಕೈಮುಗಿದರು. ಅರ್ಥಶಾಸ್ತ್ರದ ಮುಖ್ಯಸ್ಥರು, ಡಾಕ್ಟರೇಟ್ ಇರುವವರು, ಕಣ್ಣುಮುಚ್ಚಿ ಕೈಮುಗಿದರು.

ಮಾರನೆಯ ದಿನ ರಿಗ್ಗು ಬಂತು. ಮರದ ಕೊಂಬೆ ಕಡಿದು, ಕೇಬಲ್ ಟಿವಿ ತಂತಿಗಳನ್ನು ಕೋಲಿನಿಂದ ಎತ್ತಿ ಹಿಡಿದು ಲಾರಿಯನ್ನು ಒಳಗೆ ತಂದರು. ನಿಂಬೆಹಣ್ಣು, ಕುಂಕುಮ, ಪೂಜೆ. ಮೊದಲು ಕೆಂಪು ಮಣ್ಣು, ಆಮೇಲೆ ಬೂದಿಬಣ್ಣದ ಧೂಳು ಹಾರಿತು. ಕೇಸಿಂಗ್ ಪೈಪು ಇಳಿಸಿ ಮತ್ತೆ ಕೊರೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಧೂಳು ನಿಂತು, ಕೆಸರು ಚಿಮ್ಮಿ, ನೀರು ಬುಗ್ಗೆಯಾಗಿ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರು ಬೊಗಸೆ ಹಿಡಿದು, ತೀರ್ಥದಂತೆ ತಲೆಗೆ ಚಿಮುಕಿಸಿಕೊಂಡರು. ಫೋಟೊ ತೆಗೆದರು. ಸರಿಯಾಗಿ ಬಂದಿಲ್ಲವೆಂದು ಇನ್ನೊಂದು ಸಲ ಚಿಮುಕಿಸಿಕೊಂಡರು.

“ನೋಡಿದ್ರಾ ಮೇಡಂ?” ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವ ಮುಂಚೆ ಹುಡುಗಿ ತನ್ನ ಅಪ್ಪನಿಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಅಪ್ಪಾ, ವಾಸನೆ ನೋಡು.”

ಅಪ್ಪ ಬೆರಳು ಅದ್ದಿ ಮೂಸಿದರು. ಎಷ್ಟೋ ಬೋರು ಕೊರೆದವರು, ಅವರಿಗೆ ತಿಳಿಯದ ವಾಸನೆಯಲ್ಲ. ಮುಖ ಸಣ್ಣದಾಯಿತು. ಇನ್ನೂ ಆಳಕ್ಕೆ ಕೊರೆಯಲು ಸನ್ನೆ ಮಾಡಿದರು, ಕೆಳಗೆ ಒಳ್ಳೆಯ ನೀರು ಸಿಗಲಿ ಎಂದಿರಬೇಕು. ಸಂಜೆಯವರೆಗೂ ಕೊರೆದರು. ಬಂಡೆ, ಬಂಡೆ, ಮತ್ತೂ ಬಂಡೆ. ಇದ್ದದ್ದು ಮೇಲಿನದೊಂದೇ. ನಾನು ಹೊರಡುವಾಗ ಅವರು ಗೇಟಿನ ಬಳಿ ಬಂದರು.

“ಮೇಡಂ, ಬೇಡ ಅಂತ ಬರೆದುಕೊಟ್ಟಿದ್ರಂತೆ. ಮಗಳು ಹೇಳಿದ್ಳು. ನೀವು ಹೇಳಿದ್ದು ಸರಿ, ಒಪ್ತೀನಿ. ಆದ್ರೆ ಎಲ್ಲರೂ ನಿಮ್ಮ ಹಾಗೆ ಬೇಡ ಬೇಡ ಅಂದ್ರೆ ನನ್ನ ರಿಗ್ಗು ಏನ್ಮಾಡ್ಲಿ? ಮನೆ ಮುಂದೆ ನಿಲ್ಲಿಸ್ಕೊಂಡು ಪೂಜೆ ಮಾಡ್ಲಾ?”

ರಸಾಯನಶಾಸ್ತ್ರ ವಿಭಾಗದವರು ನೀರು ಪರೀಕ್ಷಿಸಿ, ಕುಡಿಯಲೂ ಅಡುಗೆಗೂ ಸ್ನಾನಕ್ಕೂ ಯೋಗ್ಯವಲ್ಲ ಎಂದು ಬರೆದುಕೊಟ್ಟರು. ಹಾಸ್ಟೆಲಿನ ವಾರ್ಡನ್ ಗಟ್ಟಿ ಹೆಂಗಸು, ಆ ನೀರನ್ನು ತೊಟ್ಟಿಗೆ ಬಿಡಲು ಒಪ್ಪಲಿಲ್ಲ. ಶೌಚಾಲಯಕ್ಕೂ ಗಿಡಗಳಿಗೂ ಬಳಸಲು ಆದೇಶವಾಯಿತು. ಶೌಚಾಲಯದಿಂದ ಬಂದದ್ದು ಶೌಚಾಲಯಕ್ಕೆ ಹಿಂದಿರುಗಿತು. ಕಾಲೇಜಿನ ವೆಬ್‌ಸೈಟಿನಲ್ಲಿ ಪ್ರಾಂಶುಪಾಲರ ಬೊಗಸೆಯ ಫೋಟೊ ಬಂತು, ಅಡಿಯಲ್ಲಿ ‘ಜಲ ಸ್ವಾವಲಂಬನೆಯತ್ತ ದಿಟ್ಟ ಹೆಜ್ಜೆ’.

ನಾನು ಸೀಟಿನ ಮಾತೆತ್ತಿದೆ. “ನಿಮ್ಮ ಪಾಯಿಂಟಲ್ಲಿ ನೀರು ಬಂದ್ರೆ ಅಂತ ಹೇಳಿದ್ದೆ. ನೀವು ಪಾಯಿಂಟೇ ಕೊಡಲಿಲ್ಲವಲ್ಲ,” ಎಂದರು. ತಮ್ಮ ಮಾತಿಗೆ ಅಷ್ಟೊಂದು ನಿಷ್ಠೆಯಿಂದ ನಡೆದುಕೊಂಡದ್ದು ಅವರ ಜೀವನದಲ್ಲಿ ಅದೇ ಮೊದಲಿರಬೇಕು.

ಒಡೆದ ಚರಂಡಿಗೆ ಮಾತ್ರ ನಾನು ಬೆನ್ನುಹತ್ತಿದೆ. ದೂರು ಕೊಟ್ಟೆ, ಮತ್ತೆ ಕೊಟ್ಟೆ. ಉಪ್ಪಿಟ್ಟು ಕೊಟ್ಟ ಮನೆಯವರು, ನಂದಿಬಟ್ಟಲಿನ ಹಿರಿಯರು ಎಲ್ಲರೂ ಸಹಿ ಹಾಕಿದರು. ಕೊನೆಗೊಂದು ದಿನ ಓಣಿ ಅಗೆದು ಹೊಸ ಪೈಪು ಹಾಕಿದರು. ಅದಾದ ಕೆಲವು ವಾರಗಳಲ್ಲಿ ಹಾಸ್ಟೆಲಿನ ಹೊಸ ಬೋರ್ ಬತ್ತಿಹೋಯಿತು. ಮೋಟರು ಬರೀ ಗಾಳಿ ಎಳೆಯತೊಡಗಿತು. ಸಿಬ್ಬಂದಿ ಸಭೆಯಲ್ಲಿ ಪ್ರಾಂಶುಪಾಲರು ನಗುತ್ತಲೇ ಹೇಳಿದರು: “ಇದ್ದ ನೀರನ್ನೂ ಜಿಯಾಲಜಿಯವರು ಓಡಿಸಿಬಿಟ್ರು.” ಸಭೆ ನಕ್ಕಿತು. ಅರ್ಥಶಾಸ್ತ್ರದ ಮುಖ್ಯಸ್ಥರು ಎಲ್ಲರಿಗಿಂತ ಜೋರಾಗಿ ನಕ್ಕರು.

ಅತಿಥಿ ಉಪನ್ಯಾಸಕನಿಗೆ ಆ ವರ್ಷ ನೇಮಕದ ಆದೇಶ ಬರಲಿಲ್ಲ. ಊರಾಚೆ ಜಲ್ಲಿ ಕ್ರಷರೊಂದರಲ್ಲಿ ಕೆಲಸಕ್ಕೆ ಸೇರಿದ ಎಂದು ಬೇರೆಯವರಿಂದ ತಿಳಿಯಿತು. ನನಗೆ ಹೇಳಿಹೋಗಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಅವನ ಮೇಲೆ ಸಿಟ್ಟಿಲ್ಲ. ಈ ಕಥೆಯಲ್ಲಿ ನಾನು ತಿರಸ್ಕರಿಸದೆ ಉಳಿದವರು ಇಬ್ಬರೇ, ಅವನೊಬ್ಬ.

ಪ್ರಯೋಗಾಲಯ ಖಾಲಿ ಮಾಡಿಸುವ ದಿನ ಬಂತು. ಹೊರಗೆ ಇನ್‌ಕ್ಯುಬೇಶನ್ ಸೆಂಟರಿನ ಬೋರ್ಡು ಏರಿಸುತ್ತಿದ್ದರು, ನಾನು ಒಳಗೆ ಕಲ್ಲುಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆ. ಹುಡುಗಿ ಬಾಗಿಲಲ್ಲಿ ಕಾಣಿಸಿಕೊಂಡಳು. ಬಿ.ಕಾಂ ತರಗತಿ ಬಿಟ್ಟು ಬಂದಿರಬೇಕೆಂದುಕೊಂಡೆ.

“ಬಿ.ಕಾಂ ಸೇರ್ಲಿಲ್ಲ ಮ್ಯಾಮ್. ಧಾರವಾಡದ ಕಡೆ ಒಂದು ಕಾಲೇಜಲ್ಲಿ ಸೀಟ್ ಸಿಕ್ತು, ಜಿಯಾಲಜಿ. ನಾಳೆ ಹೊರಡ್ತಿದೀನಿ. ಅಲ್ಲಿ ಪಟ್ಟಿಯಲ್ಲಿ ಇರೋದೇ ಏಳೆಂಟು ವಿಷಯ. ಆದ್ರೆ ವಿಚಾರಿಸಿದೆ, ಕ್ಲಾಸು ನಡೆಯುತ್ತಂತೆ.”

“ನಿಮ್ಮಪ್ಪ ಹೇಗೆ ಒಪ್ಪಿದ್ರು?”

ಅವಳು ಪತ್ರಿಕೆಯ ಹಾಳೆ ಎತ್ತಿಕೊಂಡು ಒಂದು ಕಲ್ಲನ್ನು ಸುತ್ತತೊಡಗಿದಳು. “ಈಗ ದೊಡ್ಡ ಅಪಾರ್ಟ್‌ಮೆಂಟಿನವರೆಲ್ಲ ಕೊರೆಯೋ ಮುಂಚೆ ಜಿಯಾಲಜಿಸ್ಟ್ ರಿಪೋರ್ಟ್ ಕೇಳ್ತಾರಂತೆ ಮ್ಯಾಮ್. ಅಪ್ಪ ಹೊರಗಿನವರ ಹತ್ರ ಸಹಿ ಹಾಕಿಸ್ಬೇಕು, ಅವರು ನೂರೆಂಟು ಮಾತಾಡ್ತಾರೆ. ಮನೇಲೇ ಒಬ್ಳು ಇದ್ರೆ ಹೇಳಿದ ಕಡೆ ಸಹಿ ಹಾಕ್ತಾಳೆ ಅಂತ ಲೆಕ್ಕ.”

“ಹಾಕ್ತೀಯಾ?”

“ಇಲ್ಲ.”

“ಅದನ್ನ ಅವರಿಗೆ ಹೇಳಿದೀಯಾ?”

“ಡಿಗ್ರಿ ಮುಗೀಲಿ ಮ್ಯಾಮ್, ಹೇಳ್ತೀನಿ,” ಎಂದಳು. ಸುತ್ತಿದ ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು, ಇನ್ನೊಂದಕ್ಕೆ ಕೈಹಾಕಿದಳು.